ಎದೆಯೊಳಗೆ ಕಾವಲಿದೆ, ಊರೊಳಗೆ ಎಲ್ಲಿದೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಹರಿಯಿತು. ಗೇಟು ನೀರಿನೊಡನೆ ಕೊಚ್ಚಿಕೊಂಡು ಹೋಯಿತು. 33 ಗೇಟುಗಳ ಆ ಅಣೆಕಟ್ಟಿನಲ್ಲಿ ಒಂದು ಗೇಟು ಹೋದರೆ ಆ ಜಾಗಕ್ಕೆ ಒಡನೆಯೇ ಇಳಿಸಲು ಸಿದ್ಧವಾಗಿಟ್ಟ ಬದಲಿ ತಡೆ ಇರಲಿಲ್ಲ. ಅದನ್ನು ಹೊಸದಾಗಿ ಮಾಡಿಸಿ, ತಂದು, ಇಳಿಸುವಷ್ಟರಲ್ಲಿ ಸುಮಾರು ಒಂದು ವಾರ ಕಳೆಯಿತು. ಅಷ್ಟು ದಿನವೂ ನೀರು ಹೊಳೆಯ ಪಾಲಾಯಿತು. ಎಡದಂಡೆ ಕಾಲುವೆಯ ಕೊನೆಯಲ್ಲಿರುವ ಮಾನ್ವಿಯ ರೈತ ಆ ವಾರವನ್ನು ಮರೆತಿಲ್ಲ.

ಮೊದಲನೆಯ ಏರ್ಪಾಡು ಎಂದಾದರೊಂದು ದಿನ ಕೈಕೊಡುತ್ತದೆ. ಎರಡನೆಯದನ್ನು ಮೊದಲೇ ಸಿದ್ಧಪಡಿಸಿಡಬೇಕು. ಈ ಸಾದಾ ಮಾತು ಅಣೆಕಟ್ಟಿನ ವಿಷಯದಲ್ಲಿ ನಮ್ಮ ಆಡಳಿತಗಾರರಿಗೆ ಆ ರಾತ್ರಿ ತಿಳಿಯಿತು. ಜನರ ಗುಂಡಿಗೆಯ ವಿಷಯದಲ್ಲಿ ಇನ್ನೂ ತಿಳಿದಂತೆ ಕಾಣುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡು ಊರಿಗೆ ಮರಳಿದ ದೇವದುರ್ಗದ, ಮಾನ್ವಿಯ ಕೂಲಿಕಾರರ ಪರವಾಗಿ ನಾವು ಈ ಪ್ರಶ್ನೆಯನ್ನು ಎತ್ತುತ್ತಿದ್ದೇವೆ.

ಯಂತ್ರದ ನೀತಿ

ಹೃದಯ ಬಡಿಯುವಂತೆ ಮಾಡುವ ವಿದ್ಯುತ್ ಸಂಜ್ಞೆ ಮೇಲಿನ ಕೋಣೆಯಲ್ಲಿ ಹುಟ್ಟಿ ಕೆಳಗಿನ ಕೋಣೆಗೆ ಇಳಿಯುತ್ತದೆ. ವಯಸ್ಸಿನಿಂದಲೋ ಬೇನೆಯಿಂದಲೋ ಆ ದಾರಿ ಕಟ್ಟಿಹೋದರೆ ನಿಮಿಷಕ್ಕೆ 70ರಂತೆ ಬಡಿಯಬೇಕಾದ ಹೃದಯ 30ಕ್ಕೋ 40ಕ್ಕೋ ಇಳಿಯುತ್ತದೆ. ಮನುಷ್ಯ ನಿಂತಲ್ಲೇ ತಲೆ ತಿರುಗಿ ಬೀಳುತ್ತಾನೆ. ಕೆಲವರು ಬಿದ್ದವರು ಏಳುವುದಿಲ್ಲ. ಇದಕ್ಕೆ ಗುಳಿಗೆಯಿಂದ ನೆಚ್ಚಬಹುದಾದ ಪರಿಹಾರವಿಲ್ಲ. ಕೊರಳೆಲುಬಿನ ಕೆಳಗೆ ಚರ್ಮದಡಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವನ್ನಿಟ್ಟು, ರಕ್ತನಾಳದ ಮೂಲಕ ಹೃದಯಕ್ಕೆ ತಂತಿ ಇಳಿಸಿ, ಹೃದಯ ತಪ್ಪಿದಾಗಲೆಲ್ಲ ಅದನ್ನು ತಟ್ಟಿ ಎಬ್ಬಿಸಬೇಕು. ಅದೇ ಪೇಸ್‌ಮೇಕರ್.

ಈ ಯಂತ್ರದ ಚರಿತ್ರೆ ಕೈಕೊಟ್ಟ ಏರ್ಪಾಡುಗಳಿಂದ ಕಲಿತ ಪಾಠಗಳ ಚರಿತ್ರೆ. ಮೊದಲಿನ ಯಂತ್ರಗಳು ಎದೆಯ ಹೊರಗಿದ್ದು ಗೋಡೆಯ ವಿದ್ಯುತ್ತಿನಿಂದ ನಡೆಯುತ್ತಿದ್ದವು. 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ವಿದ್ಯುತ್ ಹೋಯಿತು. ಅಂಥ ಯಂತ್ರವನ್ನು ನೆಚ್ಚಿದ್ದ ಒಂದು ಮಗು ಸತ್ತಿತು. ಅಲ್ಲಿನ ಶಸ್ತ್ರವೈದ್ಯ ಲಿಲಹೈ ಅವರು ಅರ್ಲ್ ಬಾಕೆನ್ ಎಂಬ ಎಂಜಿನಿಯರನನ್ನು ಕೇಳಿಕೊಂಡರು. ನಾಲ್ಕು ವಾರಗಳಲ್ಲಿ ಬ್ಯಾಟರಿಯಿಂದ ನಡೆಯುವ ಪೇಸ್‌ಮೇಕರ್ ಸಿದ್ಧವಾಯಿತು. ಮರುವರ್ಷ, 1958ರ ಅಕ್ಟೋಬರಿನಲ್ಲಿ, ಸ್ಟಾಕ್‌ಹೋಮಿನಲ್ಲಿ ಆರ್ನೆ ಲಾರ್ಸನ್ ಎಂಬವರ ದೇಹದೊಳಗೇ ಯಂತ್ರವನ್ನಿಟ್ಟರು. ಅದನ್ನು ರಚಿಸಿದ ಎಲ್ಮ್‌ಕ್ವಿಸ್ಟ್ ಒಂದಲ್ಲ, ಎರಡು ಯಂತ್ರ ಮಾಡಿದ್ದ. ಮೊದಲನೆಯದು ಕೆಲವೇ ಗಂಟೆಗಳಲ್ಲಿ ನಿಂತಿತು, ಎರಡನೆಯದನ್ನು ಹಾಕಿದರು. ಲಾರ್ಸನ್ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡು 2001ರವರೆಗೆ ಬದುಕಿದರು. ಅಂದು ಎರಡನೆಯದು ಕೈಯಲ್ಲಿ ಇಲ್ಲದಿದ್ದರೆ?

ಆ ಎರಡನೆಯ ಯಂತ್ರದ ನೀತಿ ಇಂದು ಒಂದೇ ಯಂತ್ರದೊಳಗೆ ಪದರ ಪದರವಾಗಿ ಸೇರಿಕೊಂಡಿದೆ. ತಟ್ಟಿದ ಪೆಟ್ಟಿಗೆ ಹೃದಯ ಓಗೊಡದಿದ್ದರೆ ಅನೇಕ ಯಂತ್ರಗಳು ಅದನ್ನು ತಾವೇ ಗುರುತಿಸಿ, ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ಇನ್ನೂ ಜೋರಾದ ಪೆಟ್ಟು ಕೊಡುತ್ತವೆ. ತಂತಿಯೊಳಗಿನ ಎರಡು ಎಳೆಗಳಲ್ಲಿ ಒಂದು ಕೆಟ್ಟರೆ ಉಳಿದ ಒಂದರಿಂದಲೇ ಕೆಲಸ ಮುಂದುವರಿಸುವ ಏರ್ಪಾಡಿದೆ. ಹೊರಗಿನ ವಿದ್ಯುತ್ ಗದ್ದಲದಲ್ಲಿ ಹೃದಯದ ಸದ್ದು ಕೇಳದಂತಾದರೆ ಯಂತ್ರ ಗೊಂದಲಪಟ್ಟು ಸುಮ್ಮನಾಗುವುದಿಲ್ಲ. ಗೊತ್ತಾದ ಒಂದು ಗತಿಯಲ್ಲಿ ತಟ್ಟುತ್ತಲೇ ಇರುತ್ತದೆ. ಯಂತ್ರವೇ ತಪ್ಪಿ ಹುಚ್ಚುವೇಗದಲ್ಲಿ ಓಡದಂತೆ ಮೇಲ್ಮಿತಿಯ ಕಡಿವಾಣವಿದೆ. ಒಳಗಿನ ಲೆಕ್ಕಾಚಾರವೇ ಕೆಟ್ಟರೆ ಸೂಕ್ಷ್ಮ ಕೆಲಸಗಳನ್ನೆಲ್ಲ ಕೈಬಿಟ್ಟು, ನಿಮಿಷಕ್ಕೆ 65ರ ಆಸುಪಾಸಿನಲ್ಲಿ ಕೆಳಗಿನ ಕೋಣೆಯೊಂದನ್ನೇ ತಟ್ಟುವ ಸರಳ ಸ್ಥಿತಿಗೆ ಅದು ಇಳಿಯುತ್ತದೆ. ಬ್ಯಾಟರಿ ಸವೆದಾಗಲೂ ಒಮ್ಮೆಗೇ ನಿಲ್ಲುವುದಿಲ್ಲ; ಬದಲಿಸುವ ಕಾಲ ಬಂತೆಂದು ಸೂಚನೆ ಕೊಟ್ಟು, ಆಮೇಲೆ ಸಾಮಾನ್ಯವಾಗಿ ಮೂರು ತಿಂಗಳಾದರೂ ನಡೆಯುತ್ತದೆ.

ರಾಯಚೂರಿನ ಜನ ರೈಲು ಬಲ್ಲವರು. 1871ರಲ್ಲಿ ಮುಂಬಯಿಯ ರೈಲೂ ಮದರಾಸಿನ ರೈಲೂ ಕೂಡಿದ್ದು ಇಲ್ಲಿಯೇ. ಹಳೆಯ ಸಿಗ್ನಲ್ ಕೈಕಂಬದ ತಂತಿ ಹರಿದರೆ ಕೈ ತಾನಾಗಿಯೇ ‘ನಿಲ್ಲು’ ಎಂಬ ಸ್ಥಾನಕ್ಕೆ ಬರುತ್ತಿತ್ತು. ಕೆಟ್ಟರೂ ಜೀವ ಉಳಿಸುವ ಕಡೆಗೇ ಕೆಡಬೇಕು. ಇದು ಯಂತ್ರದ ನೀತಿ. ನಮ್ಮ ಸರಕಾರಿ ಕಚೇರಿಗಳು ಕೆಟ್ಟಾಗ ಯಾವ ಕಡೆಗೆ ಕೆಡುತ್ತವೆಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾವಲು ಕೊಡುವುದು ಕಾಲಾವಕಾಶ ಮಾತ್ರ

ಇಷ್ಟೆಲ್ಲ ಕಾವಲಿರುವಾಗ ದೂರೇನು ಎಂದು ಕೇಳುವವರಿದ್ದಾರೆ. ದೂರು ಇಲ್ಲಿಯೇ ಇದೆ. ಈ ಕಾವಲುಗಳಲ್ಲಿ ಒಂದೂ ಬೇನೆಯನ್ನು ವಾಸಿಮಾಡುವುದಿಲ್ಲ, ಕೆಟ್ಟ ತಂತಿಯನ್ನು ಕೂಡಿಸುವುದಿಲ್ಲ, ಸವೆದ ಬ್ಯಾಟರಿಯನ್ನು ತುಂಬುವುದಿಲ್ಲ. ಅವು ಕೊಡುವುದು ಕಾಲಾವಕಾಶ. ‘ನಾನು ಇಷ್ಟು ದಿನ ಹಿಡಿದಿರುತ್ತೇನೆ, ಅಷ್ಟರೊಳಗೆ ಮನುಷ್ಯರು ಬನ್ನಿ’ ಎಂದು ಯಂತ್ರ ಕೂಗುತ್ತದೆ. ಆ ಕೂಗನ್ನು ಕೇಳುವವರು ಊರಿನಲ್ಲಿ ಇಲ್ಲದಿದ್ದರೆ ಮೂರು ತಿಂಗಳೂ ಒಂದೇ, ಮೂರು ದಿನವೂ ಒಂದೇ.

ದೇವದುರ್ಗದ ಕೂಲಿಕಾರನಿಗೆ ಮೂರು ತಿಂಗಳೆಂದರೆ ಏನು? ಒಂದು ಗುಳೆ. ಸುಗ್ಗಿ ಮುಗಿದ ಮೇಲೆ ಮಕ್ಕಳು, ಸೊಸೆಯಂದಿರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು. ಪೇಸ್‌ಮೇಕರ್ ಇರುವುದೂ ಹೆಚ್ಚಾಗಿ ಅವರ ಎದೆಯಲ್ಲೇ. ಬ್ಯಾಟರಿಯ ಸೂಚನೆ ಗುಳೆ ಹೋದ ವಾರವೇ ಮೂಡಿದರೆ, ಮಕ್ಕಳು ಮರಳುವ ಹೊತ್ತಿಗೆ ಯಂತ್ರದ ಅವಧಿ ಮುಗಿದಿರುತ್ತದೆ. ಸೂಚನೆಯಾದರೂ ಗಂಟೆಯಂತೆ ಬಾರಿಸುವುದಿಲ್ಲ. ತಪಾಸಣೆಯ ಯಂತ್ರವನ್ನೋ ಆಯಸ್ಕಾಂತವನ್ನೋ ಎದೆಯ ಮೇಲೆ ಹಿಡಿದು ನೋಡಿದವರಿಗೆ ಮಾತ್ರ ಅದು ಕಾಣುತ್ತದೆ. ಅದಕ್ಕಾಗಿಯೇ ಪೇಸ್‌ಮೇಕರ್ ಇರುವವರು ವರ್ಷಕ್ಕೆ ಒಮ್ಮೆಯೋ ಎರಡು ಬಾರಿಯೋ, ಬ್ಯಾಟರಿ ಮುಗಿಯುವ ಕಾಲ ಹತ್ತಿರವಾದಾಗ ಇನ್ನೂ ಬೇಗ ಬೇಗ, ತಪಾಸಣೆಗೆ ಹೋಗಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ.

ಹೋಗುವುದು ಎಲ್ಲಿಗೆ? ಯಂತ್ರ ಹಾಕಿದಲ್ಲಿಗೇ ಹೋಗಿ ಎನ್ನುತ್ತಾರೆ. ದೇವದುರ್ಗದಿಂದ ರಾಯಚೂರಿಗೆ 50 ಕಿಲೋಮೀಟರಿಗೂ ಹೆಚ್ಚು. ರಾಯಚೂರಿನಿಂದ ಬೆಂಗಳೂರಿಗೆ 400ಕ್ಕೂ ಹೆಚ್ಚು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ತೆರೆಯಿತು. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಹತ್ತು ನಿಮಿಷದ ತಪಾಸಣೆಗಾಗಿ ಒಬ್ಬ ಮುದುಕಿಯೂ ಅವಳನ್ನು ಕರೆದೊಯ್ಯುವ ಮಗನೂ ಎರಡು ದಿನದ ಕೂಲಿ ಕಳೆದುಕೊಂಡು, ಬಸ್ಸಿನ ಖರ್ಚು ಹೊತ್ತು ಹೋಗಬೇಕಾದರೆ, ಅವರು ಒಂದು ವರ್ಷ ಹೋಗುತ್ತಾರೆ. ಎರಡನೆಯ ವರ್ಷ ಮುಂದೂಡುತ್ತಾರೆ. ಮೂರನೆಯ ವರ್ಷ ಮರೆಯುತ್ತಾರೆ. ಇದು ಅಜ್ಞಾನವಲ್ಲ, ಬಡತನದ ಲೆಕ್ಕಾಚಾರ.

ಕಾವಲೇ ಕಂಟಕವಾದಾಗ

ಕಾವಲಿನ ಏರ್ಪಾಡೇ ಅಪಾಯವಾದ ಉದಾಹರಣೆಯೂ ಇದೆ. 2024ರ ಡಿಸೆಂಬರಿನಲ್ಲಿ ಅಮೆರಿಕದ ಬೋಸ್ಟನ್ ಸೈಂಟಿಫಿಕ್ ಕಂಪನಿ ತನ್ನ ‘ಅಕೊಲೇಡ್’ ಜಾತಿಯ ಕೆಲವು ಪೇಸ್‌ಮೇಕರ್‌ಗಳ ಬಗ್ಗೆ ವೈದ್ಯರಿಗೆ ಎಚ್ಚರಿಕೆ ಕಳಿಸಿತು. ಬ್ಯಾಟರಿಯ ತಯಾರಿಕೆಯಲ್ಲಿನ ದೋಷದಿಂದ ಅವು ಸುರಕ್ಷತಾ ಸ್ಥಿತಿಗೆ ಇಳಿದು ಅಲ್ಲಿಯೇ ಉಳಿಯಬಹುದು; ಆ ಸ್ಥಿತಿಯಲ್ಲಿ ತೋಳು, ಎದೆಯ ಸ್ನಾಯುಗಳ ಅಲುಗಾಟವನ್ನೇ ಹೃದಯದ ಬಡಿತವೆಂದು ತಪ್ಪು ತಿಳಿದು ತಟ್ಟುವುದನ್ನು ನಿಲ್ಲಿಸಬಹುದು. ಪೂರ್ತಿಯಾಗಿ ಯಂತ್ರವನ್ನೇ ನಂಬಿದವನಿಗೆ ಇದು ಪ್ರಾಣಾಂತಿಕ. ಎರಡು ಸಾವುಗಳು ವರದಿಯಾದವು. ಅಂದು ಸೂಚಿಸಿದ ಪರಿಹಾರ: ಅಂಥವರನ್ನು ಹುಡುಕಿ ಯಂತ್ರ ಬದಲಿಸುವುದು.

ಅದಕ್ಕೂ ಮೊದಲು, 2017ರ ಆಗಸ್ಟಿನಲ್ಲಿ, ಅಬಾಟ್ ಕಂಪನಿಯ 4,65,000 ಪೇಸ್‌ಮೇಕರ್‌ಗಳೊಳಗೆ ಹೊರಗಿನವರು ನುಸುಳಿ ಆಜ್ಞೆ ಕೊಡಬಹುದಾದ ದೋಷವಿದೆಯೆಂದು ಅಮೆರಿಕದ ಔಷಧ ಇಲಾಖೆ ಪ್ರಕಟಿಸಿತು. ತಿದ್ದುಪಡಿಗೆ ಮೂರು ನಿಮಿಷ ಸಾಕು; ಆ ಮೂರು ನಿಮಿಷ ಯಂತ್ರ ನಿಮಿಷಕ್ಕೆ 67ರ ಕಾವಲು ಗತಿಯಲ್ಲಿ ನಡೆಯುತ್ತದೆ. ಆದರೆ ಮನೆಯಲ್ಲಿ ಕುಳಿತು ಮಾಡುವ ಕೆಲಸ ಅದಲ್ಲ. ರೋಗಿ ವೈದ್ಯನ ಮುಂದೆ ಬಂದು ಕುಳಿತುಕೊಳ್ಳಬೇಕು. 2021ರ ಮಾರ್ಚಿನಲ್ಲಿ ಅದೇ ಕಂಪನಿ, ಒಳಗೆ ತೇವ ಸೇರುವ ದೋಷಕ್ಕಾಗಿ ಅಮೆರಿಕದಲ್ಲಿ ಇನ್ನೂ 60 ಸಾವಿರಕ್ಕೂ ಹೆಚ್ಚು ಯಂತ್ರಗಳನ್ನು ಎಚ್ಚರಿಕೆಯ ಪಟ್ಟಿಗೆ ಸೇರಿಸಿತು.

ಯಂತ್ರ ಮಾಡುವವರು ಮನುಷ್ಯರು, ತಪ್ಪು ಆಗುತ್ತದೆ. ನಮ್ಮ ಪ್ರಶ್ನೆ ಬೇರೆ. ಇಂಥ ಎಚ್ಚರಿಕೆ ನಾಳೆ ಬಂದರೆ, ರಾಯಚೂರು ಜಿಲ್ಲೆಯಲ್ಲಿ ಆ ಯಂತ್ರ ಯಾರ ಎದೆಯಲ್ಲಿದೆ ಎಂದು ಒಂದು ದಿನದಲ್ಲಿ ಹೇಳಬಲ್ಲ ಖಾತೆಪುಸ್ತಕ ಯಾವ ಕಚೇರಿಯಲ್ಲಿದೆ? ಜಿಲ್ಲಾ ಆರೋಗ್ಯಾಧಿಕಾರಿಗಳು ಬಹಿರಂಗವಾಗಿ ಉತ್ತರ ಕೊಡಲಿ. ಸ್ವೀಡನ್ನಿನಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರ ರಾಷ್ಟ್ರೀಯ ನೋಂದಣಿ ದಶಕಗಳಿಂದ ಇದೆ. ನಮ್ಮಲ್ಲಿ ಏನಾಯಿತೆಂಬುದಕ್ಕೆ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ದೋಷಯುಕ್ತ ಸೊಂಟದ ಕೀಲುಗಳ ಪ್ರಕರಣವೇ ಸಾಕ್ಷಿ. ಭಾರತದಲ್ಲಿ ಸುಮಾರು 4,700 ಶಸ್ತ್ರಕ್ರಿಯೆಗಳಲ್ಲಿ ಆ ಕೀಲನ್ನು ಹಾಕಲಾಗಿತ್ತು. 2018ರಲ್ಲಿ ಕೇಂದ್ರ ಸರಕಾರದ ಸಮಿತಿಯ ವರದಿ ಹೊರಬಂದಾಗ ಅವರಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿ ಎಲ್ಲಿದ್ದಾರೆಂಬುದೇ ಪತ್ತೆಯಿರಲಿಲ್ಲ. ಸೊಂಟ ನೋವಾದರೆ ರೋಗಿ ನರಳುತ್ತಾನೆ, ಹುಡುಕಿಕೊಂಡಾದರೂ ಬರುತ್ತಾನೆ. ಪೇಸ್‌ಮೇಕರ್ ನಿಂತವನು ಬರುವುದಿಲ್ಲ.

85 ಎಂದರೆ ಬದುಕೋ, ಸಾವೋ?

ತಾಲೂಕು ದವಾಖಾನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆಯಿದೆ. ಬಳೆಯಾಕಾರದ ಒಂದು ಆಯಸ್ಕಾಂತವನ್ನು ಯಂತ್ರದ ಮೇಲಿಟ್ಟು ಇಸಿಜಿ ತೆಗೆದರೆ ಸಾಮಾನ್ಯವಾಗಿ ಯಂತ್ರ ಗೊತ್ತಾದ ಒಂದು ಗತಿಯಲ್ಲಿ ತಟ್ಟತೊಡಗುತ್ತದೆ. ಆ ಗತಿಯಿಂದ ಬ್ಯಾಟರಿಯ ಸ್ಥಿತಿ ತಿಳಿಯುತ್ತದೆ. ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಉಪಕರಣ ಬೇಡ, ತಜ್ಞರು ಸ್ಥಳದಲ್ಲಿರಬೇಕೆಂದೂ ಇಲ್ಲ.

ಆದರೆ ಇಲ್ಲೊಂದು ತೊಡಕಿದೆ. ಮೆಡ್‌ಟ್ರಾನಿಕ್ ಕಂಪನಿಯ ಯಂತ್ರ ಹೊಸದಿದ್ದಾಗ ಆಯಸ್ಕಾಂತದಡಿ 85 ತೋರಿಸುತ್ತದೆ, ಬದಲಿಸುವ ಕಾಲಕ್ಕೆ 65. ಬೋಸ್ಟನ್ ಸೈಂಟಿಫಿಕ್ ಕಂಪನಿಯದು ಹೊಸದಿದ್ದಾಗ 100, ಬದಲಿಸುವ ಕಾಲಕ್ಕೆ 85. ಅಂದರೆ ಒಂದೇ 85 ಎಂಬ ಅಂಕಿ ಒಬ್ಬನ ಎದೆಯಲ್ಲಿ ‘ಎಲ್ಲ ಸರಿಯಿದೆ’ ಎನ್ನುತ್ತದೆ. ಇನ್ನೊಬ್ಬನ ಎದೆಯಲ್ಲಿ ‘ಬೇಗ ಬದಲಿಸಿ’ ಎನ್ನುತ್ತದೆ. ಯಂತ್ರ ಯಾವ ಕಂಪನಿಯದೆಂದು ರೋಗಿಗೆ ತಿಳಿಯದಿದ್ದರೆ, ಚೀಟಿ ಮಳೆಯಲ್ಲಿ ನೆಂದು ಹೋಗಿದ್ದರೆ, ಅದೂ ಇಂಗ್ಲಿಷಿನಲ್ಲಿದ್ದು ಮನೆಯವರಿಗೆ ಓದಲು ಬಾರದಿದ್ದರೆ, ಡಾಕ್ಟರು ಆ 85ನ್ನು ನೋಡಿ ಏನು ಮಾಡಬೇಕು? ಕನ್ನಡದಲ್ಲಿ ಅಚ್ಚುಹಾಕಿದ ಒಂದು ಗಟ್ಟಿ ಕಾರ್ಡು ಇಲ್ಲಿ ಜೀವದಷ್ಟೇ ಬೆಲೆಯುಳ್ಳದ್ದು.

ಆಯಸ್ಕಾಂತದಿಂದ ತಿಳಿಯದ ಸಂಗತಿಗಳೂ ಇವೆ: ತಂತಿಯ ಸ್ಥಿತಿ, ಯಂತ್ರ ಎಷ್ಟು ಸಲ ತಟ್ಟಿತು, ಕಾವಲಿನ ಏರ್ಪಾಡು ಯಾವಾಗ ಎಚ್ಚೆತ್ತಿತು ಇತ್ಯಾದಿ. ಅದಕ್ಕೆ ಪ್ರೋಗ್ರಾಮರ್ ಎಂಬ ಉಪಕರಣ ಬೇಕು. ಇಲ್ಲಿ ಬಂಡವಾಳಶಾಹಿಯ ಕೈಚಳಕ ನೋಡಿ! ಒಂದು ಕಂಪನಿಯ ಪ್ರೋಗ್ರಾಮರ್ ಇನ್ನೊಂದು ಕಂಪನಿಯ ಯಂತ್ರವನ್ನು ಓದುವುದಿಲ್ಲ. ಎದೆ ರೋಗಿಯದು, ಹಣ ಜನತೆಯ ಬೊಕ್ಕಸದ್ದು; ಆದರೆ ಆ ಎದೆಯೊಳಗಿನ ಮಾತನ್ನು ಕೇಳುವ ಕೀಲಿಕೈ ಕಂಪನಿಯದು. ತನ್ನ ಮನೆಯ ಬಾಗಿಲಿಗೆ ಮತ್ತೊಬ್ಬನ ಬೀಗವೇ?

ಮೂರು ಆಕ್ಷೇಪಗಳು

‘ಹಿಂದುಳಿದ ಜಿಲ್ಲೆಗೆ ಮೊದಲು ಕುಡಿಯುವ ನೀರು ಕೊಡೋಣ, ಇದೆಲ್ಲ ಶ್ರೀಮಂತರ ರೋಗದ ಮಾತು’ ಎನ್ನುತ್ತಾರೆ ಕೆಲವರು. ಹೃದಯದ ದಾರಿ ಕಟ್ಟುವುದಕ್ಕೆ ಹೊಲದ ಪಹಣಿ ಬೇಕಿಲ್ಲ. ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು 2010ರಲ್ಲಿ ಮೊದಲು ಆರಂಭಿಸಿದ್ದೇ ನಮ್ಮ ಗುಲ್ಬರ್ಗ ವಿಭಾಗದಲ್ಲಿ. ಬಡವರ ಹೃದಯ ಶಸ್ತ್ರಕ್ರಿಯೆಗೆ ಹಣ ಕೊಡಬೇಕೆಂದು ಸರಕಾರ ಆಗಲೇ ಒಪ್ಪಿತು. 2018ರಿಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ಪೇಸ್‌ಮೇಕರ್ ಅಳವಡಿಕೆಯೂ ಸೇರಿದೆ. ಹಾಕಲು ಹಣ ಕೊಟ್ಟ ಮೇಲೆ ಅದು ನಡೆಯುತ್ತಿದೆಯೇ ಎಂದು ನೋಡುವುದು ಶ್ರೀಮಂತಿಕೆಯೇ? ಬಾವಿ ತೋಡಿಸಿ ಹಗ್ಗ ಕೊಡದವನನ್ನು ದಾನಿ ಎನ್ನುತ್ತಾರೆಯೇ? ಕುಡಿಯುವ ನೀರನ್ನು ಕೊಡದಿರುವುದು ಬೇರೊಂದು ಅಪರಾಧ. ಒಂದು ಅಪರಾಧ ಮತ್ತೊಂದಕ್ಕೆ ಸಮಜಾಯಿಷಿಯಾಗಲಾರದು.

‘ಈಗ ದೂರದಿಂದಲೇ ತಪಾಸಣೆ ಬಂದಿದೆ, ಫೋನಿನ ಮೂಲಕ ಯಂತ್ರದ ಸ್ಥಿತಿ ವೈದ್ಯರಿಗೆ ತಲಪುತ್ತದೆ’ ಎಂಬುದು ಎರಡನೆಯ ಆಕ್ಷೇಪ. ಒಳ್ಳೆಯದು, ಬರಲಿ. ಆದರೆ ಅದಕ್ಕೆ ತಕ್ಕ ಯಂತ್ರ ಬೇಕು, ಮನೆಯಲ್ಲಿ ಉಪಕರಣವೋ ಫೋನೋ ಬೇಕು, ತಾಂಡಾದಲ್ಲಿ ಸಂಪರ್ಕ ಸಿಗಬೇಕು, ಕರೆಂಟು ಇರಬೇಕು. ನಮ್ಮ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಸ್ಥಾಪಿತ ಸಾಮರ್ಥ್ಯ 1,720 ಮೆಗಾವಾಟ್. ಹೊಗೆ, ಬೂದಿ ನಮಗೆ, ಬೆಳಕಿನ ದೊಡ್ಡ ಪಾಲು ಬೇರೆಯವರಿಗೆ. ಎಲ್ಲಕ್ಕೂ ಮಿಗಿಲಾಗಿ, ದೂರದಿಂದ ಸುದ್ದಿ ತಿಳಿಯಬಹುದು, ಬ್ಯಾಟರಿ ಬದಲಿಸಲಾಗುವುದಿಲ್ಲ.

‘ಖಾಸಗಿಯವರಿಗೆ ವಹಿಸಿದರೆ ಎಲ್ಲ ಸರಿಹೋಗುತ್ತದೆ’ ಎಂಬುದು ಮೂರನೆಯದು. ರಾಯಚೂರಿನವರಿಗೆ ಈ ಪಾಠ ಹೇಳಬೇಡಿ. ನಾವು ಅದನ್ನು ಓದಿ ಮುಗಿಸಿದ್ದೇವೆ. ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು, ಜನರ ಬಾಯಲ್ಲಿ ಓಪೆಕ್ ಆಸ್ಪತ್ರೆಯನ್ನು, ತೈಲರಾಷ್ಟ್ರಗಳ ನಿಧಿಯ ನೆರವಿನಿಂದ ಕಟ್ಟಲಾಯಿತು. ಭೂಮಿ, ಕಟ್ಟಡ, ರಸ್ತೆ, ನೀರು ಎಲ್ಲವೂ ಸರಕಾರದ್ದು. ನಡೆಸುವ ಹೊಣೆ ಅಪೋಲೊ ಸಂಸ್ಥೆಗೆ. ಮೊದಲ ಮೂರು ವರ್ಷಗಳ ನಷ್ಟವನ್ನು ಸರಕಾರವೇ ತುಂಬಿಕೊಡಬೇಕೆಂದು ಕರಾರು. 2012ರಲ್ಲಿ ಸಂಸ್ಥೆ ಹೊರಟಿತು. ಆಸ್ಪತ್ರೆ ಮತ್ತೆ ಸರಕಾರದ ಕೈಗೆ ಬಂತು. ಕಂಪನಿಗೆ ಕರಾರಿನ ಅವಧಿ ಇರುತ್ತದೆ. ರೋಗಿಗೆ ಇರುವುದು ಆಯುಸ್ಸಿನ ಅವಧಿ. ಕರಾರು ಮುಗಿದ ದಿನ ಯಾರು ಉಳಿಯುತ್ತಾರೋ ಅವರ ಕೈಯಲ್ಲೇ ಈ ಕೆಲಸ ಇರಬೇಕು.

ಬೆಲೆಯ ಮಾತು

ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟಿನ ಬೆಲೆಗೆ 2017ರ ಫೆಬ್ರುವರಿಯಲ್ಲಿ ಕೇಂದ್ರವು ಮಿತಿ ಹೇರಿತು: ಸಾದಾ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತಕ್ಕೆ 29,600. ಕಂಪನಿಗಳು ಕೂಗಾಡಿದವು, ಆಕಾಶ ಕಳಚಿ ಬೀಳಲಿಲ್ಲ. ಪೇಸ್‌ಮೇಕರಿಗೆ ಅಂಥ ಮಿತಿ ಅಂದು ಬರಲಿಲ್ಲ. 2020ರ ಏಪ್ರಿಲಿನಿಂದ ಬಂದ ನಿಯಮ, ವರ್ಷಕ್ಕೆ ಶೇಕಡ 10ಕ್ಕಿಂತ ಹೆಚ್ಚು ಬೆಲೆ ಏರಿಸಬಾರದೆನ್ನುತ್ತದೆ. ಏರುವ ವೇಗಕ್ಕೆ ಕಡಿವಾಣ ಬಿತ್ತು, ಏರಿ ಕುಳಿತ ಬೆಲೆಗಲ್ಲ. ಮಧ್ಯಪ್ರದೇಶದ ಪೀಥಂಪುರದಲ್ಲಿ ಪೇಸ್‌ಮೇಕರ್ ತಯಾರಾಗುತ್ತದೆ; ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಸ್ವದೇಶಿ ಹೃದಯ ಕವಾಟವನ್ನು ರೂಪಿಸಿ 1990ರಲ್ಲೇ ರೋಗಿಗೆ ಹಾಕಿಸಿತು. ನಮ್ಮವರ ಕೈಲಾಗದು ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ಮುಂಬಯಿಯ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ, ಅಮೆರಿಕದಲ್ಲಿ ಸತ್ತವರ ಎದೆಯಿಂದ ತೆಗೆದ ಪೇಸ್‌ಮೇಕರ್‌ಗಳನ್ನು ಶುದ್ಧಿಗೊಳಿಸಿ 53 ಬಡವರಿಗೆ ಹಾಕಿದ ಸಂಗತಿ 2011ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವೈದ್ಯರು ಪುಣ್ಯವಂತರು. ಆದರೆ ಬಡವನು ಬದುಕಲು ಸಾಗರದಾಚೆಯ ಶ್ರೀಮಂತನ ಸಾವನ್ನು ಕಾಯಬೇಕಾದ ವ್ಯವಸ್ಥೆಗೆ ಏನೆನ್ನಬೇಕು?

ನಮ್ಮ ಬೇಡಿಕೆಗಳು

(1) ಸರಕಾರಿ ಹಣದಿಂದಾಗಲಿ ಸ್ವಂತ ಹಣದಿಂದಾಗಲಿ ಪೇಸ್‌ಮೇಕರ್ ಹಾಕಿಸಿಕೊಂಡ ಜಿಲ್ಲೆಯ ಪ್ರತಿಯೊಬ್ಬರ ನೋಂದಣಿಯಾಗಬೇಕು: ಕಂಪನಿ, ಮಾದರಿ ಸಂಖ್ಯೆ, ಹಾಕಿದ ದಿನಾಂಕ. ಕಂಪನಿಯ ಎಚ್ಚರಿಕೆ ಬಂದರೆ ಅದು ಆಶಾ ಕಾರ್ಯಕರ್ತೆಯ ಮೂಲಕ ಮನೆಬಾಗಿಲಿಗೆ ಮುಟ್ಟಬೇಕು.

(2) ಪ್ರತಿ ರೋಗಿಗೂ ನೀರಿಗೆ ಕೆಡದ ಕಾರ್ಡನ್ನು ಕನ್ನಡದಲ್ಲೂ ಅವರವರ ಮನೆಮಾತಿನಲ್ಲೂ ಕೊಡಬೇಕು. ಆಯಸ್ಕಾಂತದ ಪರೀಕ್ಷೆಯ ಮೊದಲಿನ ಮತ್ತು ಕೊನೆಯ ಅಂಕಿಗಳು ಅದರಲ್ಲಿರಬೇಕು.

(3) ದೇವದುರ್ಗ, ಮಾನ್ವಿ ತಾಲೂಕು ದವಾಖಾನೆಗಳಲ್ಲಿ ಆಯಸ್ಕಾಂತವನ್ನೂ ತರಬೇತಾದ ಸಿಬ್ಬಂದಿಯನ್ನೂ ಇರಿಸಬೇಕು. ತಾಲೂಕಿನಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರಿಗೆ ತೋರಿಸುವ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯನ್ನು ಸರಕಾರ 2023ರಲ್ಲಿ ಆರಂಭಿಸಿತು. ಹೃದಯಾಘಾತಕ್ಕೆಂದು ಹಾಕಿದ ಆ ದಾರಿಯಲ್ಲೇ ಈ ಇಸಿಜಿಯೂ ಹೋಗಲಿ.

(4) ರಾಯಚೂರಿನ ಸರಕಾರಿ ಆಸ್ಪತ್ರೆಯಲ್ಲಿ ತಿಂಗಳಿಗೊಂದು ಗೊತ್ತಾದ ದಿನ, ತಾಲೂಕುಗಳಲ್ಲಿ ಮೂರು ತಿಂಗಳಿಗೊಮ್ಮೆ ಪೇಸ್‌ಮೇಕರ್ ತಪಾಸಣೆ ನಡೆಯಬೇಕು. ಪ್ರೋಗ್ರಾಮರನ್ನು ಕೊಡದ, ಅದನ್ನು ಬಳಸಲು ಸರಕಾರಿ ಸಿಬ್ಬಂದಿಗೆ ಕಲಿಸದ ಕಂಪನಿಯಿಂದ ಸರಕಾರ ಒಂದು ಯಂತ್ರವನ್ನೂ ಕೊಳ್ಳಬಾರದು.

(5) ಎದೆಯ ಹೊರಗಿನಿಂದಲೇ ವಿದ್ಯುತ್ ಕೊಟ್ಟು ಹೃದಯವನ್ನು ತಟ್ಟಬಹುದೆಂದು ಬಾಸ್ಟನ್ನಿನ ಪಾಲ್ ಝೋಲ್ 1952ರಲ್ಲೇ ತೋರಿಸಿಕೊಟ್ಟರು. ಆ ಸೌಕರ್ಯ ತಾಲೂಕು ದವಾಖಾನೆಗಳಲ್ಲೂ 108ರ ಗಾಡಿಗಳಲ್ಲೂ ಇರಬೇಕು. ಎದೆಯೊಳಗಿನ ಕಾವಲು ಸೋತ ದಿನ ದೇವದುರ್ಗದಿಂದ ರಾಯಚೂರು ಮುಟ್ಟುವವರೆಗೆ ಜೀವ ಹಿಡಿದಿರುವುದು ಇದೊಂದೇ.

(6) ಬ್ಯಾಟರಿ ಮುಗಿದವರಿಗೆ ಯಂತ್ರ ಬದಲಾವಣೆ ಹಕ್ಕಾಗಬೇಕು. ಸೂಚನೆ ಕಂಡ ದಿನದಿಂದ ಮೂರು ತಿಂಗಳೊಳಗೆ, ಹೊಸ ಅರ್ಜಿ, ಹೊಸ ಅಲೆದಾಟವಿಲ್ಲದೆ ಅದು ಆಗಬೇಕು. ಪ್ರಯಾಣದ ಖರ್ಚನ್ನೂ ಸರಕಾರ ಕೊಡಬೇಕು. ಪೇಸ್‌ಮೇಕರಿನ ಬೆಲೆಗೆ ಸ್ಟೆಂಟಿನಂತೆಯೇ ಮಿತಿ ಬರಬೇಕು.

ಇವುಗಳಲ್ಲಿ ಯಾವುದೂ ಆಕಾಶದ ನಕ್ಷತ್ರವಲ್ಲ. ಒಂದು ಆಯಸ್ಕಾಂತ, ಒಂದು ಕಾರ್ಡು, ಒಂದು ಖಾತೆಪುಸ್ತಕ, ತಿಂಗಳಿಗೊಂದು ದಿನ: ಆರಂಭಕ್ಕೆ ಇಷ್ಟು ಸಾಕು. 2002ರಲ್ಲಿ ನಂಜುಂಡಪ್ಪ ಸಮಿತಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಬರೆಯಿತು. 2018ರಲ್ಲಿ ಕೇಂದ್ರವು ರಾಯಚೂರನ್ನು ‘ಮಹತ್ವಾಕಾಂಕ್ಷಿ ಜಿಲ್ಲೆ’ ಎಂದು ಕರೆಯಿತು. ಏಮ್ಸ್ ಬೇಕೆಂದು 2022ರ ಮೇ 13ರಂದು ರಾಯಚೂರಿನಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನು ದಾಟಿತು. ಪಟ್ಟಿ, ಬಿರುದು ಕೊಡುವುದರಲ್ಲಿ ನಮ್ಮ ಸರಕಾರಗಳು ಎಂದೂ ಜಿಪುಣರಾಗಿಲ್ಲ. ದೊಡ್ಡ ಆಸ್ಪತ್ರೆಗಾಗಿ ಜನ ಹೋರಾಡಲಿ, ನಾವೂ ಜೊತೆಗಿದ್ದೇವೆ. ಆದರೆ ಅದು ಬರುವವರೆಗೆ ಈ ಸಣ್ಣ ಕೆಲಸ ಕಾಯಬೇಕಾಗಿಲ್ಲ.

ಬೆಂಕಿಪೊಟ್ಟಣದಷ್ಟು ಯಂತ್ರವೊಂದು ತನ್ನ ಶಕ್ತಿ ಕುಂದಿದಾಗ ಮಿಕ್ಕ ಕೆಲಸಗಳನ್ನೆಲ್ಲ ಬಿಟ್ಟು, ಇರುವ ಶಕ್ತಿಯನ್ನು ಒಂದು ಜೀವ ಉಳಿಸಲು ಮೀಸಲಿಡುತ್ತದೆ. ವಿಧಾನಸೌಧದಷ್ಟು ದೊಡ್ಡ ಯಂತ್ರಕ್ಕೆ ಆ ಬುದ್ಧಿ ತಾನಾಗಿ ಬರುವುದಿಲ್ಲ; ಜನರೇ ತಟ್ಟಿ ಎಬ್ಬಿಸಬೇಕು. ದೇವದುರ್ಗ, ಮಾನ್ವಿ, ರಾಯಚೂರಿನ ಬಂಧುಗಳು ತಮ್ಮ ಓಣಿಯಲ್ಲಿ ಪೇಸ್‌ಮೇಕರ್ ಇರುವವರು ಯಾರಿದ್ದಾರೆಂದು ಈ ವಾರವೇ ವಿಚಾರಿಸಲಿ. ಅವರ ಚೀಟಿಯಲ್ಲಿ ಕಂಪನಿಯ ಹೆಸರಿದೆಯೇ, ಕೊನೆಯ ತಪಾಸಣೆ ಎಂದು ಆಯಿತು ಎಂದು ನೋಡಿ, ಒಂದು ಹಾಳೆಯ ಮೇಲೆ ಬರೆದು, ತಾಲೂಕು ದವಾಖಾನೆಯ ಮುಂದೆ ಹೋಗಿ ನಿಂತು ಉತ್ತರ ಕೇಳಲಿ. ಸರಕಾರ ಬರೆಯದ ಖಾತೆಪುಸ್ತಕದ ಮೊದಲ ಪುಟವನ್ನು ನಾವೇ ಬರೆಯೋಣ.